ಲಂಡನ್ನಿನ ಸಿದ್ಧಾಂತ, ಇಂದಾಪುರದ ಹೊಲ

1776ನೆಯ ಇಸವಿಯ ವಸಂತದಲ್ಲಿ, ಸ್ವಲ್ಪವೇ ಕಾಲದ ಅಂತರದೊಳಗೆ, ಲಂಡನ್ ನಗರದಲ್ಲಿ ಎರಡು ಗ್ರಂಥಗಳು ಪ್ರಕಟವಾದವು. ಒಂದು, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಹಿಂದೆ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆಡಂ ಸ್ಮಿತ್ತನು ರಾಷ್ಟ್ರಗಳ ಸಂಪತ್ತಿನ ಸ್ವರೂಪವನ್ನೂ ಕಾರಣಗಳನ್ನೂ ಶೋಧಿಸಿ ಬರೆದ ಬೃಹದ್ಗ್ರಂಥ. ಮತ್ತೊಂದು, ಕರ್ತೃವಿನ ಹೆಸರಿಲ್ಲದೆಯೇ ಹೊರಬಂದ, ರಾಜ್ಯಾಡಳಿತವನ್ನು ಕುರಿತ ಸಣ್ಣದೊಂದು ಖಂಡನಗ್ರಂಥ. ಹೆಸರು ಮರೆಸಿಕೊಂಡಿದ್ದ ಆ ಲೇಖಕನು ಇಪ್ಪತ್ತೆಂಟು ವರ್ಷದ ತರುಣನಾದ ಜೆರೆಮಿ ಬೆಂಥಮ್. ಆಕ್ಸ್‌ಫರ್ಡಿನಲ್ಲಿ ಯಾವ ಬ್ಲ್ಯಾಕ್‌ಸ್ಟನ್ನನ ಉಪನ್ಯಾಸಗಳನ್ನು ಕುಳಿತು ಕೇಳಿದ್ದನೋ ಆ ಬ್ಲ್ಯಾಕ್‌ಸ್ಟನ್ನನು ಇಂಗ್ಲೆಂಡಿನ ನ್ಯಾಯಪದ್ಧತಿಯನ್ನು ಹಾಡಿ ಹೊಗಳಿದ್ದುದನ್ನೇ ಬೆಂಥಮನು ಈ ಪುಸ್ತಕದಲ್ಲಿ ಎತ್ತಿಕೊಂಡು, ಪುರಾತನವೆಂಬ ಕಾರಣದಿಂದ ಯಾವ ಶಾಸನವೂ ಪೂಜ್ಯವಾಗಲಾರದೆಂದೂ, ಅತ್ಯಧಿಕ ಸಂಖ್ಯೆಯ ಜನರಿಗೆ ಅದರಿಂದ ಎಷ್ಟು ಸುಖವಾಗುವುದೆಂಬುದೊಂದೇ ಅದರ ಒಳಿತು ಕೆಡಕುಗಳ ಅಳತೆಗೋಲೆಂದೂ ಸಾರಿದನು. ಸಂಪತ್ತಿನ ಶಾಸ್ತ್ರವೂ ಸುಖದ ಶಾಸ್ತ್ರವೂ ಹೀಗೆ ಒಂದೇ ವರ್ಷದಲ್ಲಿ ಹುಟ್ಟಿ, ಮುಂದಿನ ಅರುವತ್ತು ವರ್ಷಗಳಲ್ಲಿ ಒಂದರೊಡನೊಂದು ಹೆಣೆದುಕೊಂಡು ಬೆಳೆದು, ಕಡೆಗೆ ತಮ್ಮ ಕರ್ತೃಗಳು ಕನಸಿನಲ್ಲಿಯೂ ಕಾಣದಿದ್ದ ದಖ್ಖನಿನ ಎರೆಹೊಲಗಳವರೆಗೆ ನಡೆದುಬಂದ ಚರಿತ್ರೆಯು ನಮ್ಮವರು ತಿಳಿಯಬೇಕಾದ ಚರಿತ್ರೆಯಾಗಿದೆ.

ಬಹುಜನರ ಸುಖವೇ ಧರ್ಮದ ಪ್ರಮಾಣವೆಂಬ ಭಾವನೆಯು ಬೆಂಥಮನ ಸ್ವಂತದ್ದೇನೂ ಆಗಿರಲಿಲ್ಲ. ಅವನಿಗೆ ಐವತ್ತು ವರ್ಷ ಮೊದಲೇ ಫ್ರಾನ್ಸಿಸ್ ಹಚಿಸನ್ನನೂ, ಬಳಿಕ ಇಟಲಿಯ ಬೆಕ್ಕಾರಿಯನೂ ಅದನ್ನು ನುಡಿದಿದ್ದರು. ಬೆಂಥಮನ ವೈಶಿಷ್ಟ್ಯವಿದ್ದುದು ಆ ಭಾವನೆಯನ್ನು ಒಂದು ಗಣಿತವನ್ನಾಗಿ ಮಾಡಹೊರಟ ಸಾಹಸದಲ್ಲಿ. 1789ರಲ್ಲಿ ಪ್ರಕಟಿಸಿದ ತನ್ನ ಮುಖ್ಯ ಗ್ರಂಥದಲ್ಲಿ ಆತನು ಸುಖದುಃಖಗಳನ್ನು ತೀವ್ರತೆ, ಅವಧಿ, ನಿಶ್ಚಿತತೆ, ಸಾಮೀಪ್ಯ, ಫಲವಂತಿಕೆ, ಶುದ್ಧಿ, ವ್ಯಾಪ್ತಿ ಎಂಬ ಏಳು ಪರಿಮಾಣಗಳಿಂದ ಅಳೆಯಬಹುದೆಂದು ಹೇಳಿ, ಶಾಸನಕರ್ತನು ವ್ಯಾಪಾರಿಯು ಜಮಾಖರ್ಚು ನೋಡುವಂತೆ ಈ ಮೊತ್ತಗಳನ್ನು ಕೂಡಿ ಕಳೆದು ತನ್ನ ಕಾನೂನನ್ನು ನಿರ್ಣಯಿಸಬೇಕೆಂದು ವಿಧಿಸಿದನು. ಈ ಗಣಿತದಲ್ಲಿ ಅರಸನ ಸುಖಕ್ಕೂ ಆಳಿನ ಸುಖಕ್ಕೂ ತೂಕ ಒಂದೇ. ಕಳ್ಳತನಕ್ಕೆ ಗಲ್ಲುಶಿಕ್ಷೆ ವಿಧಿಸುತ್ತಿದ್ದ ದೇಶದಲ್ಲಿ, ಬಡವನ ನೋವೂ ಲೆಕ್ಕಕ್ಕೆ ಬರತಕ್ಕದ್ದೆಂದು ಒಬ್ಬ ವಿದ್ವಾಂಸನು ಪಟ್ಟುಹಿಡಿದು ಜೀವಮಾನವೆಲ್ಲ ಬರೆದನೆಂಬುದನ್ನು ನಾವು ಆದರದಿಂದ ಸ್ಮರಿಸಬೇಕು. ಅದೇ ಬೆಂಥಮನು ರಷ್ಯಾ ದೇಶದ ಕ್ರಿಚೆವ್‌ನಲ್ಲಿ ತಮ್ಮನ ಬಳಿ ಇದ್ದಾಗ ಬಡ್ಡಿಯ ಸಮರ್ಥನೆಯಾಗಿ ಕೆಲವು ಪತ್ರಗಳನ್ನು ಬರೆದನು. 1787ರಲ್ಲಿ ಅವು ಅಚ್ಚಾದವು. ಬಡ್ಡಿಯ ದರಕ್ಕೆ ಕಾನೂನಿನ ಮಿತಿ ಇರಬೇಕೆಂದು ಸ್ಮಿತ್ತನಂಥ ಸ್ಮಿತ್ತನೇ ಒಪ್ಪಿದ್ದಾಗ, ಬುದ್ಧಿ ನೆಟ್ಟಗಿರುವ ವಯಸ್ಕನು ಕಣ್ಣು ತೆರೆದುಕೊಂಡು ಮಾಡುವ ಸಾಲದ ಕರಾರಿಗೆ ರಾಜ್ಯವು ಅಡ್ಡ ಬರಬಾರದೆಂದು ಬೆಂಥಮನು ಗುರುವನ್ನೇ ತಿದ್ದಿದನು. ಈ ಪತ್ರಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇವುಗಳ ಫಲವನ್ನು ನಮ್ಮ ರೈತನು ಉಣ್ಣಬೇಕಾಯಿತು.

ಸಂಪತ್ತಿನ ಶಾಸ್ತ್ರಕ್ಕೆ ಬಿಗಿಯಾದ ಅಡಿಪಾಯ ಬಿದ್ದುದು 1815ರಲ್ಲಿ, ಗೋಧಿಯ ಬೆಲೆಯ ಜಗಳದಲ್ಲಿ. ನೆಪೋಲಿಯನ್ನನೊಡನೆ ನಡೆದ ಯುದ್ಧಗಳ ಕಾಲದಲ್ಲಿ ಹೊರನಾಡಿನ ಧಾನ್ಯದ ಆಮದು ಕುಗ್ಗಿ, ಇಂಗ್ಲೆಂಡಿನ ಬಂಜರು ಗುಡ್ಡಗಳೂ ನೇಗಿಲಿಗೆ ಸಿಕ್ಕಿ, ಗೋಧಿಯ ಬೆಲೆಯೂ ಜಮೀನ್ದಾರರ ಗೇಣಿಯೂ ಏರಿದ್ದವು. ಶಾಂತಿ ಬಂದೊಡನೆ ಬೆಲೆ ಇಳಿಯತೊಡಗಲು, ಜಮೀನ್ದಾರರಿಂದಲೇ ತುಂಬಿದ್ದ ಪಾರ್ಲಿಮೆಂಟು, ಕ್ವಾರ್ಟರ್ ಎಂಬ ಧಾನ್ಯದ ಅಳತೆಗೆ 80 ಷಿಲಿಂಗು ಬೆಲೆ ಮುಟ್ಟುವ ತನಕ ಪರದೇಶದ ಗೋಧಿಯು ಮಾರಾಟಕ್ಕೆ ಬರಕೂಡದೆಂದು ಕಾನೂನು ಮಾಡಿತು. ಆ ವಾದದ ಬಿಸಿಯಲ್ಲಿ ಮಾಲ್ಥಸ್, ವೆಸ್ಟ್, ಟಾರೆನ್ಸ್, ರಿಕಾರ್ಡೊ ಎಂಬ ನಾಲ್ವರು ಕೆಲವೇ ವಾರಗಳ ಅಂತರದಲ್ಲಿ ಒಂದೊಂದು ಕಿರುಹೊತ್ತಗೆಯನ್ನು ಹೊರತಂದು, ಗೇಣಿ ಎಂಬುದು ಹುಟ್ಟುವುದೆಲ್ಲಿಂದ ಎಂಬ ಒಂದೇ ಪ್ರಶ್ನೆಗೆ ಸರಿಸುಮಾರು ಒಂದೇ ಉತ್ತರ ಕೊಟ್ಟರು. ಅವರಲ್ಲಿ ಆ ಉತ್ತರವನ್ನು ತರ್ಕದ ಕೊನೆಯವರೆಗೂ ಒಯ್ದವನು ಡೇವಿಡ್ ರಿಕಾರ್ಡೊ.

ರಿಕಾರ್ಡೊ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವನಲ್ಲ. ಆಮ್‌ಸ್ಟರ್‌ಡಾಮಿನಿಂದ ಬಂದು ನೆಲಸಿದ ಯೆಹೂದಿ ಮನೆತನದಲ್ಲಿ 1772ರಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೇ ತಂದೆಯೊಡನೆ ಷೇರುಪೇಟೆಗೆ ಇಳಿದು, ಅಲ್ಲಿಯೇ ದೊಡ್ಡ ಸಿರಿವಂತನಾದವನು. 1799ರಲ್ಲಿ ಬಾತ್ ಪಟ್ಟಣದಲ್ಲಿ ಅಕಸ್ಮಾತ್ತಾಗಿ ಸ್ಮಿತ್ತನ ಗ್ರಂಥ ಅವನ ಕೈಗೆ ಸಿಕ್ಕಿತು. ಅವನ ಗೇಣಿಸಿದ್ಧಾಂತವನ್ನು ಅವನೇ ಕೊಟ್ಟ ಸಂಖ್ಯೆಗಳಿಂದ ತಿಳಿಸುವುದಾದರೆ ಹೀಗೆ: ಸಮಾನವಾದ ದುಡಿಮೆಗೂ ಬಂಡವಾಳಕ್ಕೂ ಮೊದಲನೆಯ ತರಗತಿಯ ಭೂಮಿಯು 100 ಕ್ವಾರ್ಟರ್ ಧಾನ್ಯ ಕೊಡುತ್ತದೆ, ಎರಡನೆಯದು 90, ಮೂರನೆಯದು 80. ಜನಸಂಖ್ಯೆ ಹೆಚ್ಚಿ ಮೂರನೆಯ ಭೂಮಿಯನ್ನೂ ಉಳಲೇಬೇಕಾದಾಗ ಆ ಕಡೆಯ ಭೂಮಿಯಲ್ಲಿ ಉಳುವವನ ವೆಚ್ಚವೂ ನ್ಯಾಯವಾದ ಲಾಭವೂ ಹೊರಡುವಷ್ಟಕ್ಕೆ ಧಾನ್ಯದ ಬೆಲೆ ನಿಲ್ಲುತ್ತದಾದ್ದರಿಂದ, ಅದಕ್ಕೆ ಗೇಣಿಯೇ ಇಲ್ಲ. ಎರಡನೆಯದಕ್ಕೆ 10, ಮೊದಲನೆಯದಕ್ಕೆ 20 ಕ್ವಾರ್ಟರು ಗೇಣಿ ಹುಟ್ಟುತ್ತದೆ. ಅಂದ ಮೇಲೆ ಗೇಣಿಯು ಧಾನ್ಯದ ಬೆಲೆಯನ್ನು ಏರಿಸುವುದಿಲ್ಲ. ಬೆಲೆ ಏರಿದ್ದರಿಂದಲೇ ಗೇಣಿ ಏರುತ್ತದೆ. ಜಮೀನ್ದಾರನು ಬೆವರು ಸುರಿಸದೆ, ಹಣ ಹೂಡದೆ, ಸಮಾಜದ ಬೆಳವಣಿಗೆಯಿಂದಲೇ ಬೆಳೆಯುವ ಈ ಫಲವನ್ನು ಪಡೆಯುತ್ತಾನೆ. ಗ್ಲಾಸ್ಟರ್‌ಷೈರಿನಲ್ಲಿ ಗ್ಯಾಟ್‌ಕಂಬ್ ಎಂಬ ದೊಡ್ಡ ಜಹಗೀರನ್ನು ಕೊಂಡು ತಾನೇ ಜಮೀನ್ದಾರನಾಗಿದ್ದವನು, ಜಮೀನ್ದಾರರ ಹಿತವು ಉಳಿದೆಲ್ಲ ವರ್ಗಗಳ ಹಿತಕ್ಕೂ ವಿರುದ್ಧವೆಂದು ಬರೆದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಈ ರಿಕಾರ್ಡೊವನ್ನು ಬೆನ್ನುಬಿಡದೆ ಕಾಡಿ, ಪತ್ರದ ಮೇಲೆ ಪತ್ರ ಬರೆದು, 1817ರಲ್ಲಿ ಅವನ ಮಹಾಗ್ರಂಥವನ್ನು ಬರೆಯಿಸಿದವನು ಜೇಮ್ಸ್ ಮಿಲ್. ಸ್ಕಾಟ್ಲೆಂಡಿನ ಹಳ್ಳಿಯೊಂದರ ಚಮ್ಮಾರನ ಮಗನಾಗಿ 1773ರಲ್ಲಿ ಹುಟ್ಟಿದ ಈತನು, 1802ರಲ್ಲಿ ಲಂಡನ್ನಿಗೆ ಬಂದು ಲೇಖನಿಯಿಂದಲೇ ಹೊಟ್ಟೆ ಹೊರೆಯುತ್ತ, 1808ರ ಹೊತ್ತಿಗೆ ಬೆಂಥಮನ ಆಪ್ತಶಿಷ್ಯನಾದನು. ಸುಖದ ಶಾಸ್ತ್ರವೂ ಸಂಪತ್ತಿನ ಶಾಸ್ತ್ರವೂ ಕೂಡಿದ್ದು ಈ ಒಬ್ಬ ಮನುಷ್ಯನ ತಲೆಯಲ್ಲಿ. ಅವನ ಮನೆಯೇ ಒಂದು ಪಾಠಶಾಲೆಯಾಗಿದ್ದಿತು. 1819ರಲ್ಲಿ, ಹಿರಿಯ ಮಗನಾದ ಜಾನ್ ಸ್ಟೂಅರ್ಟನಿಗೆ ಹದಿಮೂರು ವರ್ಷ ನಡೆಯುತ್ತಿದ್ದಾಗ, ತಂದೆ ಮಗ ಇಬ್ಬರೂ ದಿನವೂ ವಾಯುವಿಹಾರಕ್ಕೆ ಹೊರಟು, ದಾರಿಯುದ್ದಕ್ಕೂ ತಂದೆ ಅರ್ಥಶಾಸ್ತ್ರದ ಒಂದು ಭಾಗವನ್ನು ಬಾಯಲ್ಲಿ ಹೇಳುವನು. ಮರುದಿನ ಮಗನು ಅದನ್ನು ಬರೆದು ತಂದು ಒಪ್ಪಿಸಬೇಕು. ಸ್ಪಷ್ಟವಾಗದಿದ್ದರೆ ಮತ್ತೆ ಬರೆಯಬೇಕು, ಮತ್ತೆ ಬರೆಯಬೇಕು. ಆ ಬಾಲಕನ ಟಿಪ್ಪಣಿಗಳ ಮೇಲೆಯೇ ಜೇಮ್ಸ್ ಮಿಲ್ಲನು 1821ರಲ್ಲಿ ತನ್ನ ಅರ್ಥಶಾಸ್ತ್ರದ ಪಾಠಪುಸ್ತಕವನ್ನು ಕಟ್ಟಿದನು. ಹೀಗೆ ಪಳಗಿದ ಹುಡುಗನೇ ಮುಂದೆ ಜಾನ್ ಸ್ಟೂಅರ್ಟ್ ಮಿಲ್ ಎಂದು ಲೋಕವಿಖ್ಯಾತನಾದನು; ಇಪ್ಪತ್ತನೆಯ ವಯಸ್ಸಿನಲ್ಲಿ ಅವನ ಮನಸ್ಸು ಒಮ್ಮೆ ಕುಸಿದುಬಿದ್ದು, ಸುಖವನ್ನು ಎಣಿಸುವ ಶಾಸ್ತ್ರದಲ್ಲಿ ತನಗೇ ಸುಖ ಕಾಣದೆ ತೊಳಲಿದುದನ್ನು ಆತನೇ ಆತ್ಮಕಥೆಯಲ್ಲಿ ಬಿಚ್ಚಿ ಬರೆದಿದ್ದಾನೆ.

ಹಿಂದೂದೇಶದ ಹಣೆಯ ಬರೆಹಕ್ಕೆ ಈ ಮನೆಯ ಪಾಠ ತಟ್ಟಿದುದು ಒಂದು ನೌಕರಿಯ ಮೂಲಕ. ಜೇಮ್ಸ್ ಮಿಲ್ಲನು ಹತ್ತು ವರ್ಷಕ್ಕೂ ಮೀರಿ ದುಡಿದು, 1817ರ ಹೊತ್ತಿಗೆ ಬ್ರಿಟಿಷ್ ಇಂಡಿಯಾದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಹೊರತಂದಿದ್ದನು. ಈ ದೇಶವನ್ನು ಆತ ಕಂಡವನಲ್ಲ. ಇಲ್ಲಿನ ಒಂದು ಭಾಷೆಯನ್ನೂ ಅರಿತವನಲ್ಲ. ಕಾಗದಪತ್ರಗಳನ್ನು ಶೋಧಿಸಿ ತೀರ್ಪು ಕೊಡುವುದಕ್ಕೆ ಕಣ್ಣಾರೆ ಕಾಣುವುದು ಅನವಶ್ಯಕವೆಂದು ಪೀಠಿಕೆಯಲ್ಲಿಯೇ ಸಮರ್ಥಿಸಿಕೊಂಡನು. ಆ ಗ್ರಂಥದ ಕೀರ್ತಿಯಿಂದ 1819ರಲ್ಲಿ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ಅವನಿಗೆ ಉದ್ಯೋಗ ದೊರೆಯಿತು. 1830ರಲ್ಲಿ ಆತನು ಪತ್ರವ್ಯವಹಾರ ಶಾಖೆಯ ಮುಖ್ಯಸ್ಥನಾದನು. ಮದರಾಸು, ಬೊಂಬಾಯಿ, ಕಲ್ಕತ್ತೆಗಳ ಗವರ್ನರುಗಳಿಗೆ ಹೋಗುವ ಕಂದಾಯದ ಆದೇಶಗಳ ಕರಡುಗಳು ಅವನ ಮೇಜಿನ ಮೇಲೆ ಸಿದ್ಧವಾಗತೊಡಗಿದವು. ಲಾರ್ಡ್ ಬೆಂಟಿಂಕನು ಗವರ್ನರ್ ಜನರಲ್ಲನಾಗಿ ಹೊರಡುವ ಮುನ್ನ, ಅಲ್ಲಿ ನಿಜವಾಗಿ ಆಳುವವನು ತಾನಲ್ಲ, ಬೆಂಥಮನೇ ಎಂಬ ಅರ್ಥದ ಮಾತನಾಡಿದನೆಂದು ಬೆಂಥಮನು ಹೆಮ್ಮೆಯಿಂದ ಬರೆದುಕೊಂಡಿರುವನು.

ಮಿಲ್ಲನ ವಾದಸರಣಿಯಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಗೇಣಿಯು ಯಾರ ದುಡಿಮೆಯ ಫಲವೂ ಅಲ್ಲವಾದುದರಿಂದ ರಾಜ್ಯವು ಅದನ್ನು ತೆಗೆದುಕೊಂಡರೆ ಉಳುವವನಿಗೂ ನಷ್ಟವಿಲ್ಲ, ವ್ಯಾಪಾರಕ್ಕೂ ಭಂಗವಿಲ್ಲ, ಧಾನ್ಯದ ಬೆಲೆಯೂ ಏರದು. ಇಂಗ್ಲೆಂಡಿನಲ್ಲಿ ಜಮೀನ್ದಾರರು ಅದನ್ನು ನುಂಗಿ ಕುಳಿತಿರುವುದರಿಂದ ಕೈಯಿಡಲಾಗದು. ಹಿಂದೂದೇಶದಲ್ಲಿಯಾದರೋ ಭೂಮಿಗೆ ರಾಜ್ಯವೇ ಒಡೆಯ, ಉಳುವವನಿಗೂ ರಾಜ್ಯಕ್ಕೂ ನಡುವೆ ಯಾರೂ ಬೇಕಿಲ್ಲ. ಆದಕಾರಣ ಪ್ರತಿ ಹೊಲದ ನಿಜವಾದ ಗೇಣಿಯನ್ನು ಕಂಡುಹಿಡಿದು ಅದರೊಳಗೇ ಕಂದಾಯವನ್ನು ನಿಲ್ಲಿಸಿದರೆ ಯಾರನ್ನೂ ನೋಯಿಸದೆ ರಾಜ್ಯವನ್ನು ನಡೆಯಿಸಬಹುದು. ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳದ ಗೇಣಿಯನ್ನು ಜಮೀನ್ದಾರರ ಪಾಲಿಗೆ ಶಾಶ್ವತವಾಗಿ ಬಿಟ್ಟುಕೊಟ್ಟದ್ದು ಮಿಲ್ಲನ ದೃಷ್ಟಿಯಲ್ಲಿ ಮಹಾಪ್ರಮಾದವಾಗಿದ್ದಿತು. 1831ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ಆತನು ಇದನ್ನೇ ಹೇಳಿದನು. ಕಾಗದದ ಮೇಲೆ ಓದುವವರಿಗೆ ಇಷ್ಟು ಸುಂದರವಾದ, ಇಷ್ಟು ದಯಾಪರವಾದ ತೆರಿಗೆಯು ಜಗತ್ತಿನಲ್ಲಿ ಇನ್ನೊಂದಿಲ್ಲವೆಂದೇ ತೋರುವುದು.

ಕಂಪೆನಿಯ ತರುಣ ಅಧಿಕಾರಿಗಳು ತರಬೇತಾಗುತ್ತಿದ್ದ ಹೇಲಿಬರಿಯ ಕಾಲೇಜಿನಲ್ಲಿ 1805ರಿಂದ 1834ರಲ್ಲಿ ತಾನು ಸಾಯುವ ತನಕ ಅರ್ಥಶಾಸ್ತ್ರ ಕಲಿಸಿದವನು ಜನಸಂಖ್ಯೆಯ ಸಿದ್ಧಾಂತಕ್ಕೆ ಹೆಸರಾದ ಮಾಲ್ಥಸ್ಸನೇ. ಅಲ್ಲಿ ಓದಿ ಹೆಸರು ಗಳಿಸಿದ ರಾಬರ್ಟ್ ಕೀತ್ ಪ್ರಿಂಗಲ್ ಎಂಬುವನು ಬೊಂಬಾಯಿ ಆಧಿಪತ್ಯಕ್ಕೆ ಬಂದು, ಪೇಶ್ವೆಯರಿಂದ ಕಂಪೆನಿಗೆ ದಕ್ಕಿದ್ದ ಪುಣೆಯ ಪ್ರಾಂತದ ಭೂಮಾಪನದ ಅಧಿಕಾರಿಯಾದನು. ರಿಕಾರ್ಡೊವಿನ ಸಿದ್ಧಾಂತವನ್ನು ಜಗತ್ತಿನಲ್ಲಿಯೇ ಮೊಟ್ಟಮೊದಲು ಹೊಲದ ಮೇಲೆ ಇಳಿಸಿದ ಪ್ರಯೋಗ ಅವನದು ಎನ್ನಬಹುದು. ಪ್ರತಿ ತರಗತಿಯ ಮಣ್ಣಿನಲ್ಲಿ ಬೆಳೆವ ಪೈರಿನ ಮೊತ್ತವೆಷ್ಟು, ಎತ್ತು, ಬೀಜ, ಆಳು, ಆಯುಧಗಳ ವೆಚ್ಚವೆಷ್ಟು, ವೆಚ್ಚ ಕಳೆದು ಉಳಿಯುವ ನಿವ್ವಳ ಉತ್ಪನ್ನವೆಷ್ಟು ಎಂಬುದನ್ನು ಗಣಿಸಿ, ಆ ನಿವ್ವಳದಲ್ಲಿ ನೂರಕ್ಕೆ 55 ಪಾಲನ್ನು ಸರ್ಕಾರಕ್ಕೆಂದು ಕಟ್ಟಿ, 1830ರಿಂದ ಅದನ್ನು ಜಾರಿಗೆ ತಂದನು. ಆ ಗಣಿತವು ಅತ್ಯಂತ ಸೂಕ್ಷ್ಮವಾಗಿದ್ದಿತು. ಗಣಿತಕ್ಕೆ ಬೇಕಾದ ಅಂಕಿಗಳನ್ನು ಕೊಡುವವರು ಯಾರು ಎಂಬುದೇ ತೊಡಕಾಯಿತು. ಅಳೆಯುವ ಕೆಳನೌಕರರು ಲಂಚಕ್ಕೆ ಒಳಗಾದರು. ಒಂದು ವರ್ಷದ ಪೈರು ಇನ್ನೊಂದು ವರ್ಷದ ಪೈರಿಗೆ ಸಾಕ್ಷಿಯಾಗಲಿಲ್ಲ. ಧಾನ್ಯದ ಬೆಲೆ ಇಳಿಯುತ್ತ ಬಂದಿದ್ದರೂ ಕಂದಾಯವು ಕಟ್ಟಿದ ಕಡೆಯೇ ನಿಂತಿತು.

ಭೀಮಾ ನೀರಾ ನದಿಗಳ ನಡುವಣ ಇಂದಾಪುರ ತಾಲ್ಲೂಕು ಮಳೆ ತಪ್ಪುವ ಸೀಮೆ. ಅಲ್ಲಿ ಕಟ್ಟಿದ ಕಂದಾಯ ವಸೂಲಾಗದೆ ವರ್ಷ ವರ್ಷವೂ ಬಾಕಿ ಬೆಳೆಯಿತು, ಹೊಲಗಳು ಬೀಳುಬಿದ್ದವು, ರೈತರು ದನಕರುಗಳೊಡನೆ ನೆರೆಯ ರಾಜ್ಯಗಳಿಗೆ ಗುಳೆ ಹೋದರು. ಪ್ರಿಂಗಲ್ಲನು ಕ್ರೂರಿಯಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಆತನ ಕಣ್ಣ ಮುಂದೆ ಬಹುಜನರ ಸುಖವೇ ಇದ್ದಿತು. ಆ ಬಹುಜನರು ಗಡಿ ದಾಟಿ ಓಡುತ್ತಿದ್ದರು.

ಇಂದಾಪುರಕ್ಕೆ 1835ರಲ್ಲಿ ಬಂದ ಗೋಲ್ಡ್‌ಸ್ಮಿಡ್ ಎಂಬ ಸಹಾಯಕ ಕಲೆಕ್ಟರನೂ, ಬೊಂಬಾಯಿ ಇಂಜಿನಿಯರ್ ದಳದ ಲೆಫ್ಟಿನೆಂಟ್ ಜಾರ್ಜ್ ವಿಂಗೇಟನೂ ಮಾಡಿದ ಕೆಲಸವನ್ನು ನಾನು ಈ ಚರಿತ್ರೆಯಲ್ಲೆಲ್ಲ ಅತ್ಯಂತ ವಿವೇಕದ ಕೆಲಸವೆಂದು ಎಣಿಸುತ್ತೇನೆ. ಅವರು ನಿವ್ವಳ ಉತ್ಪನ್ನವೆಂಬ ಅಂಕಿಯ ಬೇಟೆಯನ್ನೇ ಬಿಟ್ಟುಬಿಟ್ಟರು. ಒಂದು ಸೀಮೆಯವರು ಹಿಂದಿನ ವರ್ಷಗಳಲ್ಲಿ ಎಷ್ಟು ಕೊಟ್ಟರು, ಎಷ್ಟು ಕೊಟ್ಟಾಗ ಬೇಸಾಯ ಹಬ್ಬಿತು, ಎಷ್ಟು ಕೇಳಿದಾಗ ಹೊಲ ಬೀಳುಬಿದ್ದಿತು, ಮಳೆಯ ಭರವಸೆ ಹೇಗೆ, ಸಂತೆಪೇಟೆಗಳು ಎಷ್ಟು ದೂರ ಎಂಬುದನ್ನೆಲ್ಲ ಕಂದಾಯದ ಹಳೆಯ ಕಡತಗಳಿಂದಲೂ ಊರವರ ಬಾಯಿಂದಲೂ ತಿಳಿದು, ಜನ ತಾಳಬಲ್ಲ ಒಂದು ಮಿತವಾದ ಮೊತ್ತವನ್ನು ಅಂದಾಜಿನಿಂದ ನಿರ್ಣಯಿಸಿದರು. ಬಳಿಕ ಆ ಮೊತ್ತವನ್ನು ಹೊಲ ಹೊಲಕ್ಕೆ ಹಂಚುವುದಕ್ಕೆ ಮಾತ್ರ ಮಣ್ಣಿನ ತಾರತಮ್ಯವನ್ನು ನೋಡಿದರು. 1836ರಲ್ಲಿ ಹೀಗೆ ಕಟ್ಟಿದ ದರವನ್ನು 30 ವರ್ಷ ಏರಿಸುವುದಿಲ್ಲವೆಂದು ಸರ್ಕಾರವು ಮಾತು ಕೊಟ್ಟಿತು. ಗುಳೆ ಹೋದವರು ಮರಳಿದರು. ಬೀಳುಹೊಲಗಳು ಮತ್ತೆ ಉಳುಮೆಗೆ ಬಂದವು.

ಹಂಚುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 33 ಅಡಿಯ ಸರಪಳಿಯಿಂದ ಹೊಲವನ್ನು ಅಳೆಯುವರು. ಸರಪಳಿಯ ಒಂದು ಚದರವೇ ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳತೆಯಾದ ಮೇಲೆ ಮಣ್ಣು ನೋಡುವ ನೌಕರನು ಬರುವನು. ಹೊಲದ ನಕ್ಷೆಯನ್ನು ಗೆರೆ ಎಳೆದು ಕೆಲವು ಭಾಗಗಳಾಗಿ ವಿಂಗಡಿಸಿಕೊಂಡು, ಒಂದೊಂದು ಭಾಗದಲ್ಲಿಯೂ ನೆಲವನ್ನು ಅಗೆಸಿ ಆಳವನ್ನು ಮೊಳದ ಲೆಕ್ಕದಲ್ಲಿ ನೋಡುವನು. ಒಂದೂಮುಕ್ಕಾಲು ಮೊಳದ ಆಳವಿದ್ದರೆ ಅದಕ್ಕಿಂತ ಹೆಚ್ಚಿನದರ ಗೊಡವೆ ಇಲ್ಲ. ನುಣುಪಾದ ಎರೆ, ಅದಕ್ಕಿಂತ ಒರಟಾದ ಕೆಂಪು ಮಸಾರಿ, ಗರಸು ನೆಲವೆಂದು ಮಣ್ಣಿಗೆ ಮೂರು ಜಾತಿ. ಜಾತಿಯೂ ಆಳವೂ ಕೂಡಿ 16 ಆಣೆಯಿಂದ 2 ಆಣೆಯವರೆಗೆ ಒಂಬತ್ತು ತರಗತಿ. ಸುಣ್ಣದ ಹರಳು ಬೆರೆತಿದ್ದರೆ ಒಂದು ತರಗತಿ ಕೆಳಗೆ. ಮರಳು ಬೆರೆತಿದ್ದರೆ ಮತ್ತೊಂದು. ನೆಲ ಇಳಿಜಾರಾಗಿದ್ದರೆ, ಹರಿವ ನೀರು ಮಣ್ಣನ್ನು ಕೊಚ್ಚುವಂತಿದ್ದರೆ, ನೀರು ನಿಂತು ಜೌಗಾಗುವಂತಿದ್ದರೆ ಇನ್ನೂ ಕೆಳಗೆ. ಜಾತಿಗೆ ಚುಕ್ಕಿಗಳು, ದೋಷಕ್ಕೆ ಒಂದೊಂದು ಗುರುತು, ತರಗತಿಗೆ ಒಂದು ಅಂಕಿ, ಇಷ್ಟನ್ನು ನಕ್ಷೆಯ ಮೇಲೆ ಬರೆದು ಮುಂದಿನ ಹೊಲಕ್ಕೆ ನಡೆಯುವನು. ಉತ್ತಮ ಭೂಮಿಗೂ ಅಧಮ ಭೂಮಿಗೂ ಇರುವ ಅಂತರವೇ ಗೇಣಿ ಎಂಬ ರಿಕಾರ್ಡೊವಿನ ತತ್ತ್ವದಲ್ಲಿ ಅಂತರವೆಂಬ ಅಂಶವು ಇಲ್ಲಿ ಉಳಿಯಿತು. ಆದರೆ ಆ ಅಂತರವನ್ನು ಹೇಳಿದ್ದು ಬೀಜಗಣಿತವಾಗಿರದೆ, ಮಣ್ಣನ್ನು ಬೆರಳಿನಿಂದ ಹೊಸಕಿ ನೋಡಿದ ಮನುಷ್ಯನ ಅನುಭವವಾಗಿದ್ದಿತು. ಈ ಕ್ರಮವನ್ನೆಲ್ಲ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು 1847ರಲ್ಲಿ ಒಂದು ಜಂಟಿ ವರದಿಯಾಗಿ ಬರೆದಿಟ್ಟರು.

ಸಿದ್ಧಾಂತದ ದೋಷವನ್ನು ಇಂಗ್ಲೆಂಡಿನಲ್ಲಿಯೇ ಕಂಡವರು ಇರಲಿಲ್ಲವೆಂದಲ್ಲ. ರಿಚರ್ಡ್ ಜೋನ್ಸ್ ಎಂಬ ಪಾದ್ರಿಯು 1831ರಲ್ಲಿ ಗೇಣಿಯನ್ನು ಕುರಿತೇ ಒಂದು ಗ್ರಂಥ ಬರೆದು, ಬಂಡವಾಳ ಹೂಡುವ ಸಾಹುಕಾರ ಬೇಸಾಯಗಾರರಿರುವ ಇಂಗ್ಲೆಂಡಿನ ಒಂದು ಮೂಲೆಗೆ ಮಾತ್ರ ರಿಕಾರ್ಡೊವಿನ ನಿಯಮ ಹೊಂದುವುದೆಂದೂ, ಹೊಟ್ಟೆಪಾಡಿಗಾಗಿ ಉಳುವ ಏಷ್ಯದ ರೈತನು ಕೊಡುವುದು ಬೇರೆಯೇ ಜಾತಿಯ ಗೇಣಿಯೆಂದೂ, ಅದರ ಪ್ರಮಾಣವನ್ನು ಅರಸನ ಬಲವು ನಿರ್ಣಯಿಸುವುದೆಂದೂ ಎತ್ತಿ ತೋರಿಸಿದನು. ಮಾಲ್ಥಸ್ಸನು ತೀರಿಕೊಂಡ ಮೇಲೆ ಹೇಲಿಬರಿಯ ಪೀಠಕ್ಕೆ ಬಂದವನು ಈ ಜೋನ್ಸನೇ. ಹೊಟ್ಟೆಗಾಗಿ ಉಳುವವನಿಗೆ ಕೈಬಿಟ್ಟ ಹೊಲಕ್ಕೆ ಬದಲಾಗಿ ಹಿಡಿಯಬಹುದಾದ ಇನ್ನೊಂದು ಕಸುಬಿಲ್ಲ. ಆದುದರಿಂದ ಅವನ ಕೂಲಿ ಎಷ್ಟು, ಲಾಭ ಎಷ್ಟು, ಗೇಣಿ ಎಷ್ಟು ಎಂದು ಬೇರ್ಪಡಿಸುವ ಗೆರೆಯೇ ಅವನ ಕಣದಲ್ಲಿ ಇಲ್ಲ. ಪ್ರಿಂಗಲ್ಲನ ಲೆಕ್ಕ ಮುರಿದುಬಿದ್ದುದಕ್ಕೆ ಇದೇ ಮೂಲಕಾರಣವೆಂದು ನನಗೆ ತೋರುತ್ತದೆ.

ಕನ್ನಡನಾಡಿಗೆ ಈ ಪದ್ಧತಿ ಬೇಗನೆಯೇ ಬಂದಿತು. ಆಗ ದಕ್ಷಿಣ ಮರಾಠಾ ಸೀಮೆ ಎನ್ನಿಸಿಕೊಂಡಿದ್ದ ಧಾರವಾಡ, ಬೆಳಗಾವಿಗಳ ಕಡೆಯ ಭೂಮಾಪನಕ್ಕೆ 1840ರ ದಶಕದಲ್ಲಿ ವಿಂಗೇಟನೇ ಮುಖ್ಯಸ್ಥನಾಗಿ ಬಂದನು. ಹುಬ್ಬಳ್ಳಿಯ ಎರೆಹೊಲಗಳೂ ಮಲೆನಾಡಿನ ಸೆರಗಿನ ಗದ್ದೆಗಳೂ ಸರಪಳಿಯ ಅಳತೆಗೆ ಸಿಕ್ಕಿದವು. ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಕಮಿಷನರ ಆಳ್ವಿಕೆಯ ಕಾಲದಲ್ಲಿ, 1863ರಲ್ಲಿ, ಬೊಂಬಾಯಿಯ ಮಾದರಿಯಲ್ಲಿಯೇ ಪೈಮಾಷಿ, ಎಂದರೆ ಭೂಮಾಪನ, ಆರಂಭವಾಯಿತು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಎಕರೆ ಗುಂಟೆಯ ಲೆಕ್ಕ, ಸರ್ವೆ ನಂಬರು, ಖರಾಬು, ಆಕಾರಬಂದ್ ಇವೆಲ್ಲವೂ ಆ ಕಾಲದ ಕೆಲಸದ ಶೇಷಗಳೇ. ಹೊಲವನ್ನು ಇಟ್ಟುಕೊಳ್ಳುವುದಕ್ಕೂ ಬಿಟ್ಟುಕೊಡುವುದಕ್ಕೂ ರೈತನಿಗೆ ಸ್ವಾತಂತ್ರ್ಯ ಉಂಟು, ಕಂದಾಯ ಸಲ್ಲಿಸುವವರೆಗೆ ಯಾರೂ ಅವನನ್ನು ಎಬ್ಬಿಸಲಾರರು, ಮಕ್ಕಳಿಗೆ ಅದು ಇಳಿದು ಬರುವುದು, ಬೇಕಾದರೆ ಅವನು ಅದನ್ನು ಮಾರಲೂಬಹುದು ಎಂಬ ಹಕ್ಕೂ ಇದರೊಡನೆಯೇ ಬಂದಿತು.

ಆದರೆ ಮಾರಬಲ್ಲ ಹಕ್ಕು ಕೈಗೆ ಬಂದವನಿಗೆ ಅದನ್ನು ಅಡವಿಡುವ ದಾರಿಯೂ ತೆರೆಯಿತು. ಬೆಂಥಮನ ಬಡ್ಡಿಯ ಪತ್ರಗಳು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. 1854ರಲ್ಲಿ ಇಂಗ್ಲೆಂಡು ಬಡ್ಡಿಯ ಮಿತಿಯ ಕಾನೂನುಗಳನ್ನು ತೆಗೆದುಹಾಕಿತು. ಮರುವರ್ಷವೇ, 1855ರ 28ನೆಯ ಕಾಯಿದೆಯಿಂದ, ಇಲ್ಲಿಯೂ ಅವು ರದ್ದಾದವು. ಓದುಬರೆಹ ಬಲ್ಲ ಲಂಡನ್ನಿನ ವರ್ತಕನು ಕಣ್ಣು ತೆರೆದು ಮಾಡುವ ಕರಾರಿಗೆಂದು ಬರೆದ ನ್ಯಾಯವು, ಪತ್ರದಲ್ಲಿ ಏನು ಬರೆದಿದೆಯೆಂದು ಅರಿಯದೆ ಗುರುತು ಹಾಕುವ ಒಕ್ಕಲಿಗನ ಮೇಲೆ ಬಿದ್ದಿತು. ಕೋರ್ಟುಗಳು ಪತ್ರವನ್ನು ನೋಡಿ ಡಿಕ್ರಿ ಕೊಟ್ಟವು. ಸಾಹುಕಾರರ ಕೈಗೆ ಈ ನ್ಯಾಯಪದ್ಧತಿ ಕೊಟ್ಟಿರುವ ಬಲದ ವಿಷಯವಾಗಿ ವಿಂಗೇಟನು 1852ರಷ್ಟು ಹಿಂದೆಯೇ ಸರ್ಕಾರವನ್ನು ಎಚ್ಚರಿಸಿದ್ದನು, ಯಾರೂ ಕಿವಿಗೊಡಲಿಲ್ಲ. 30 ವರ್ಷದ ವಾಯಿದೆ ತೀರಿದೊಡನೆ ಇಂದಾಪುರದಿಂದ ಮೊದಲುಗೊಂಡು ದರಗಳನ್ನು ಬಲವಾಗಿ ಏರಿಸಿದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆಯೂ ಕುಸಿದಿದ್ದಿತು. 1875ರ ಮೇ ತಿಂಗಳಲ್ಲಿ ಪುಣೆಯ ಸೀಮೆಯ ಸೂಪೆಯಲ್ಲಿ ರೈತರು ಎದ್ದು, ಸಾಹುಕಾರರ ಮನೆಗಳಿಗೆ ನುಗ್ಗಿ, ಸಾಲದ ಪತ್ರಗಳನ್ನು ಸುಟ್ಟರು. ದಂಗೆಯು ಪುಣೆ, ಅಹಮದ್‌ನಗರ ಜಿಲ್ಲೆಗಳ ಊರೂರಿಗೆ ಹಬ್ಬಿತು. 1879ರಲ್ಲಿ ದಖ್ಖನಿನ ಬೇಸಾಯಗಾರರ ಪರಿಹಾರಕ್ಕೆಂದು ಬಂದ ಕಾಯಿದೆಯು, ಪತ್ರದ ಹಿಂದಿನ ನಿಜವಾದ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟು, ಬೆಂಥಮನ ವಾದವನ್ನು ಈ ನೆಲದ ಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡಿತು.

ಬೆಂಥಮನ ಮೂಲತತ್ತ್ವವನ್ನು ನಾನು ಅಲ್ಲಗಳೆಯಲಾರೆ. ಕಾನೂನನ್ನು ಅದರಿಂದ ಜನಕ್ಕಾದ ಸುಖದುಃಖಗಳಿಂದಲೇ ಪರೀಕ್ಷಿಸಬೇಕೆಂಬುದು ದೊಡ್ಡ ಮಾತು; ಆ ಪರೀಕ್ಷೆಯಲ್ಲಿ ಪ್ರಿಂಗಲ್ಲನ ಕಂದಾಯ ಸೋತಿತು, ವಿಂಗೇಟನ ಕಂದಾಯ ಒಂದು ತಲೆಮಾರಿನ ಕಾಲವಾದರೂ ಗೆದ್ದಿತು. ನಮ್ಮ ಕಾಲೇಜುಗಳಲ್ಲಿ ರಿಕಾರ್ಡೊವನ್ನೂ ಮಿಲ್ಲನನ್ನೂ ಪಾಠ ಹೇಳುವ ಅಧ್ಯಾಪಕರು, ಆ ಗ್ರಂಥಗಳ ಪಕ್ಕದಲ್ಲಿ 1847ರ ಜಂಟಿ ವರದಿಯನ್ನೂ ಧಾರವಾಡದ ಸೀಮೆಯ ಭೂಮಾಪನದ ವರದಿಗಳನ್ನೂ ಇಟ್ಟು ವಿದ್ಯಾರ್ಥಿಗಳಿಗೆ ಓದಿಸಬೇಕೆಂದು ನನ್ನ ವಿಜ್ಞಾಪನೆ. ಅವುಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಯಾವುದಾದರೂ ವಿಶ್ವವಿದ್ಯಾನಿಲಯವು ಕೈಗೆತ್ತಿಕೊಂಡರೆ, ತನ್ನ ಹೊಲದ ಆಕಾರವನ್ನು, ಎಂದರೆ ಕಂದಾಯವನ್ನು, ಯಾರು, ಯಾವ ಆಧಾರದಿಂದ ಕಟ್ಟಿದರೆಂಬುದನ್ನು ನಮ್ಮ ರೈತನ ಮಗನು ತನ್ನ ಭಾಷೆಯಲ್ಲಿಯೇ ಓದಿಕೊಳ್ಳಬಹುದು.